ಡಿಕೋಡರ್ ಸುಟ್ಟ ಮಾದರಿ ರೈಲು ಎಂಜಿನ್‌ಗೆ ಹೊಸದು ಕೂರಿಸುವ ಮುಂಚೆ ಏನೇನು ನೋಡಬೇಕು?

ನಂದಿಹಾಲ್ಟ್, ಚಿಕ್ಕಬಳ್ಳಾಪುರ:

ಎಲ್ಲರಿಗೂ ನಮಸ್ಕಾರ. ಎಚ್‌ಓ ಅಳತೆಯ (1:87) ಡೀಸೆಲ್ ಎಂಜಿನ್, ಡಿಕೋಡರ್‌ಗೆ (ಹಳಿಯಿಂದ ಬರುವ ಡಿಜಿಟಲ್ ಆದೇಶ ಓದಿ ಮೋಟಾರು, ದೀಪ ನಡೆಸುವ ಪುಟ್ಟ ಬೋರ್ಡ್) 8 ಪಿನ್ ಸಾಕೆಟ್. ಮುಂದಿನ ದೀಪ ಹತ್ತುತ್ತೆ, ದಿಕ್ಕು ಬದಲಿಸಿದರೆ ಹಿಂದಿನದೂ ಹತ್ತುತ್ತೆ, ಗಾಡಿ ಮಾತ್ರ ಅಲ್ಲಾಡಲ್ಲ. ಬಾಡಿ ಬಿಚ್ಚಿದರೆ ಡಿಕೋಡರ್‌ನ ಒಂದು ಚಿಪ್ ಮೇಲೆ ಸಾಸಿವೆ ಕಾಳಿನಷ್ಟು ಕಂದು ಗುಳ್ಳೆ ಎದ್ದಿದೆ. ಅದನ್ನ ತೆಗೆದು ಡಮ್ಮಿ ಪ್ಲಗ್ ಹಾಕಿ 12 ವೋಲ್ಟ್ ಡಿಸಿ ಕೊಟ್ಟರೆ ಚೆನ್ನಾಗೇ ಓಡುತ್ತೆ. ಅಲ್ಲಿಗೆ ಮೋಟಾರು ಸರಿಯಿದೆ ಅಂತ ತಾನೇ? 1 ಆಂಪಿಯರ್‌ನ ಹೊಸ ಡಿಕೋಡರ್ ತಂದಿಟ್ಟಿದ್ದೀನಿ, ಹಾಗೇ ಚುಚ್ಚಿಬಿಡಬಹುದಾ?

ಬೀಪ್‌ಮೋಡ್, ತುಮಕೂರು:

ದಯವಿಟ್ಟು ಈಗಲೇ ಚುಚ್ಚಬೇಡಿ ಸರ್. ಹಳೆಯದು ಯಾಕೆ ಸುಟ್ಟಿತು ಅಂತ ಗೊತ್ತಾಗದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತೆ, ಅದಕ್ಕೆ ಒಂದು ಸೆಕೆಂಡು ಸಾಕು.

ಡಿಸಿಯಲ್ಲಿ ಓಡಿತು ಅಂತ ನಂಬಬೇಡಿ. ಡಮ್ಮಿ ಪ್ಲಗ್ 1ನೇ ಪಿನ್ನನ್ನು 8ಕ್ಕೂ 4ನೇದನ್ನು 5ಕ್ಕೂ ಸೇರಿಸುತ್ತೆ, ಅಂದರೆ ಮೋಟಾರಿನ ಎರಡು ತುದಿಯೂ ನೇರ ಹಳಿಗೇ ಹೋಗುತ್ತವೆ. ಆ ತುದಿಗಳಲ್ಲಿ ಒಂದು ಅದೇ ಕಡೆಯ ಹಳಿಗೆ ಬೇರೆ ಎಲ್ಲೋ ತಾಗಿಕೊಂಡಿದ್ದರೂ ಡಿಸಿಯಲ್ಲಿ ಗೊತ್ತೇ ಆಗಲ್ಲ. ಡಿಕೋಡರ್ ಇದ್ದಾಗ ಹಾಗಲ್ಲ. ಮೋಟಾರಿನ ಎರಡೂ ತುದಿ ಡಿಕೋಡರ್ ಒಳಗಿನ ನಾಲ್ಕು ಟ್ರಾನ್ಸಿಸ್ಟರ್‌ಗಳಿಗೆ ಮಾತ್ರ ಸೇರಿರಬೇಕು. ಹಳಿಯ 14–15 ವೋಲ್ಟ್ ಮೋಟಾರಿನ ಕಡೆಯಿಂದ ಹಿಂದಕ್ಕೆ ನುಗ್ಗಿದರೆ ಮೊದಲು ಹೋಗೋದೇ ಆ ಟ್ರಾನ್ಸಿಸ್ಟರ್. ನಿಮ್ಮ ಕಂದು ಗುಳ್ಳೆ ಬಹುಶಃ ಅದೇ. ದೀಪಗಳ ಔಟ್‌ಪುಟ್ ಬೇರೆ, ಅದಕ್ಕೇ ಅವು ಇನ್ನೂ ಹತ್ತುತ್ತಿವೆ.

ಮಲ್ಟಿಮೀಟರ್ ಬೀಪ್‌ಗೆ ಇಟ್ಟು, ಸಾಕೆಟ್ ಖಾಲಿ ಬಿಟ್ಟು ನೋಡಿ. 8ನೇ ತೂತಿಗೂ ಬಲಗಡೆ ಚಕ್ರಕ್ಕೂ ಬೀಪ್ ಬರಬೇಕು, 4ಕ್ಕೂ ಎಡಗಡೆ ಚಕ್ರಕ್ಕೂ ಬರಬೇಕು. 1 ಮತ್ತು 5ರಿಂದ ಯಾವ ಚಕ್ರಕ್ಕೂ, ಚಾಸಿಗೂ ಬೀಪ್ ಬರಲೇಬಾರದು. 1ಕ್ಕೂ 5ಕ್ಕೂ ನಡುವೆ ಮೋಟಾರಿನ ಸುರುಳಿ ಇರೋದರಿಂದ ಓಮ್ಸ್‌ನಲ್ಲಿ ಒಂದಿಷ್ಟು ಬೆಲೆ ತೋರಿಸುತ್ತೆ. ಇದೆಲ್ಲಾ ನೋಡುವಾಗ ಎಂಜಿನ್ ಸುಮ್ಮನೆ ಮೇಜಿನ ಮೇಲೆ ನಿಂತಿದ್ದರೆ ಸಾಲದು. ಚಕ್ರದ ಬೋಗಿಯನ್ನು (ಎಂಜಿನ್ ಅಡಿಯಲ್ಲಿ ಚಕ್ರಗಳನ್ನು ಹಿಡಿದಿರುವ ಚೌಕಟ್ಟು) ತಿರುವಿನಲ್ಲಿ ತಿರುಗುವಷ್ಟೇ ಎಡಕ್ಕೆ, ಬಲಕ್ಕೆ ತಿರುಗಿಸ್ತಾ ಬೀಪ್ ಕೇಳಿ. ಬಾಡಿ ಕೂರಿಸಿ ಒಂದು ಸಲ, ತೆಗೆದು ಒಂದು ಸಲ.

ಆಮೇಲೆ ಮೋಟಾರಿಗೆ ನೇರ 12 ವೋಲ್ಟ್ ಕೊಟ್ಟು, ಸಾಲಿನಲ್ಲಿ ಮೀಟರ್‌ನ 10 ಆಂಪಿಯರ್ ತೂತು ಬಳಸಿ, ಫ್ಲೈವೀಲನ್ನು (ಮೋಟಾರಿನ ಜೊತೆ ತಿರುಗುವ ತೂಕದ ಗಾಲಿ) ಬೆರಳಿನಿಂದ ಒಂದೆರಡು ಸೆಕೆಂಡ್ ಹಿಡಿದು ನಿಲ್ಲಿಸಿ. ಆಗ ಬರುವ ಕರೆಂಟು ಡಿಕೋಡರ್‌ನ ನಿರಂತರ ಸಾಮರ್ಥ್ಯಕ್ಕಿಂತ ಕಡಿಮೆ ಇರಬೇಕು. ಎರಡು ಸೆಕೆಂಡ್ ದಾಟಿಸಬೇಡಿ, ಸುರುಳಿ ಕಾಯುತ್ತೆ.

ನಂದಿಹಾಲ್ಟ್, ಚಿಕ್ಕಬಳ್ಳಾಪುರ:

ಸಿಕ್ತು ಸರ್! ನೆಟ್ಟಗಿದ್ದಾಗ ಎಲ್ಲಾ ಸರಿ. ಮುಂದಿನ ಬೋಗಿ ಎಡಕ್ಕೆ ತಿರುಗಿಸಿದಾಗ 5ನೇ ತೂತಿಗೂ ಎಡ ಚಕ್ರಕ್ಕೂ ಬೀಪ್ ಬರ್ತಿದೆ. ಬೂದು ಬಣ್ಣದ ವಯರ್ ತೂಕದ ಕಬ್ಬಿಣದ ಅಂಚಿಗೆ ಸಿಕ್ಕಿ ಸಿಪ್ಪೆ ಸವೆದು, ತಾಮ್ರ ಅರ್ಧ ಅಕ್ಕಿ ಕಾಳಿನಷ್ಟು ಕಾಣ್ತಿದೆ. ಹಿಡಿದು ನಿಲ್ಲಿಸಿದಾಗ 0.7 ಆಂಪಿಯರ್ ಬಂತು.

ಹಳದಿಟೇಪ್, ಕೋಲಾರ:

0.7 ಅಂದರೆ ನಿಮ್ಮ 1 ಆಂಪಿಯರ್ ಡಿಕೋಡರ್ ಧಾರಾಳವಾಗಿ ಸಾಕು. ಸವೆದ ವಯರಿಗೆ ಟೇಪ್ ಸುತ್ತಿ ಬಿಡಬೇಡಿ ಅಣ್ಣ, ಪೂರ್ತಿ ಬದಲಿಸಿ. ಸಣ್ಣ ಎಳೆಗಳ 30 ಗೇಜ್ ವಯರ್ ಸಾಕು, ಗಟ್ಟಿ ಒಂಟಿ ಎಳೆಯದು ಬೇಡ, ಬೋಗಿ ತಿರುಗಿ ತಿರುಗಿ ತುಂಡಾಗುತ್ತೆ. ಬೆಸುಗೆಯ ಮೇಲೆ ಮುಚ್ಚುವ, ಬಿಸಿಗೆ ಮುದುಡುವ ಸ್ಲೀವನ್ನು ಬೆಸುಗೆಗೆ ಮುಂಚೆಯೇ ವಯರಿಗೆ ಪೋಣಿಸಿ, ಬೆಸುಗೆ ಹಾಕುವ ಜಾಗದಿಂದ ದೂರ ಸರಿಸಿಡಿ. ಹತ್ತಿರ ಇದ್ದರೆ ಬಿಸಿಗೆ ಅಲ್ಲೇ ಮುದುಡಿಕೊಳ್ಳುತ್ತೆ. 25 ವ್ಯಾಟ್ ಐರನ್, ಚೂಪು ಬಿಟ್, ಸಣ್ಣ ಲೆಡ್ ವಯರ್ (ಬೆಸುಗೆ ತಂತಿ). ಪೇಸ್ಟ್ ಹಾಕೋದಾದರೆ ರೋಸಿನ್ ಜಾತಿಯದೇ ಹಾಕಿ. ಆಸಿಡ್ ಪೇಸ್ಟ್ ಕೆಲವೇ ತಿಂಗಳಲ್ಲಿ ತಾಮ್ರವನ್ನು ಹಸಿರು ಮಾಡಿ ತಿನ್ನುತ್ತೆ. ಇವೆಲ್ಲಾ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದೇ ಸುತ್ತಿಗೆ ಸಿಗುತ್ತವೆ.

ಕಬ್ಬಿಣದ ಆ ಅಂಚನ್ನು ಸಣ್ಣ ಅರದಿಂದ ಉಜ್ಜಿ ದುಂಡಗೆ ಮಾಡಿ, ಪುಡಿ ಒರೆಸಿ, ಮೇಲೆ ಎರಡು ಪದರ ಕ್ಯಾಪ್ಟನ್ ಟೇಪ್ ಅಂಟಿಸಿ (ಮೊಬೈಲ್ ರಿಪೇರಿ ಅಂಗಡಿಯವರು ಬಳಸುವ ಹಳದಿ ಟೇಪು). ಕರೆಂಟಿನವರ ಕಪ್ಪು ಟೇಪ್ ಬೇಡ, ಬಿಸಿಗೆ ಅಂಟು ಕರಗಿ ಜಾರುತ್ತೆ. ಡಿಕೋಡರನ್ನು ಮಾತ್ರ ಯಾವ ಟೇಪಿನಲ್ಲೂ ಪೂರ್ತಿ ಸುತ್ತಬೇಡಿ, ಒಳಗೇ ಬೇಯುತ್ತೆ. ಒಂದು ಕಡೆಗೆ ಮಾತ್ರ ಎರಡು ಬದಿ ಅಂಟಿನ ಸ್ಪಂಜ್ ಟೇಪ್ ಹಾಕಿ, ಮೋಟಾರಿನಿಂದ ದೂರ ಕೂರಿಸಿ.

ಮೋಟಾರಿನ ಬ್ರಷ್‌ಗಳ ನಡುವೆ ಬಿಲ್ಲೆಯಾಕಾರದ ಕೆಪಾಸಿಟರ್ ಇದೆಯಾ ನೋಡಿ. ಡಿಸಿ ಕಾಲದಲ್ಲಿ ರೇಡಿಯೋ ಗೊರಗೊರ ತಡೆಯಲು ಹಾಕುತ್ತಿದ್ದದ್ದು. ಮೋಟಾರಿನ ವೇಗ ಅಳೆದು ತಿದ್ದಿಕೊಳ್ಳುವ ಈಗಿನ ಡಿಕೋಡರ್‌ಗಳಿಗೆ ಅದು ಅಡ್ಡಿ. ನಿಧಾನವಾಗಿ ಓಡಿಸುವಾಗ ಗಾಡಿ ಜಗ್ಗಿ ಜಗ್ಗಿ ಹೋಗುತ್ತೆ.

ಬೀಪ್‌ಮೋಡ್, ತುಮಕೂರು:

ಮೊದಲ ಕರೆಂಟು ಪ್ರೋಗ್ರಾಮಿಂಗ್ ಹಳಿಯಲ್ಲೇ (ಡಿಕೋಡರ್ ಸೆಟ್ಟಿಂಗ್ ಓದಿ ಬರೆಯಲು ಬೇರೆ ಇಟ್ಟ ಹಳಿ ತುಂಡು) ಕೊಡಿ. ಅಲ್ಲಿ ಕರೆಂಟಿಗೆ ಮಿತಿ ಇರೋದರಿಂದ ಎಲ್ಲೋ ಶಾರ್ಟ್ ಉಳಿದಿದ್ದರೂ ಡಿಕೋಡರ್ ಬದುಕುವ ಸಂಭವ ಹೆಚ್ಚು. ಸಿವಿ 8 ಓದಿಸಿ (ಸಿವಿ ಅಂದರೆ ಡಿಕೋಡರ್ ಒಳಗಿನ ನಂಬರು ಹಾಕಿದ ಸೆಟ್ಟಿಂಗ್), ತಯಾರಕರ ಸಂಖ್ಯೆ ಬರಬೇಕು: ಲೆನ್ಜ್ 99, ಡಿಜಿಟ್ರಾಕ್ಸ್ 129, ಜಿಮೋ 145, ಇಎಸ್‌ಯು 151. ಓದದಿದ್ದರೆ ಡಿಕೋಡರ್ ಸತ್ತಿದೆ ಅಂತ ಗಾಬರಿ ಬೇಡ. ಡಿಕೋಡರ್ ಉತ್ತರ ಕೊಡೋದು ಮೋಟಾರಿಗೆ 6 ಮಿಲಿಸೆಕೆಂಡ್ ಕರೆಂಟ್ ಹರಿಸಿ, ಕನಿಷ್ಠ 60 ಮಿಲಿಆಂಪಿಯರ್ ಏರಿಕೆ ತೋರಿಸಿ. ಮೋಟಾರಿನ ವಯರ್ ಬಿಟ್ಟಿದ್ದರೆ ಅಥವಾ ಚಕ್ರ ಕೊಳಕಾಗಿದ್ದರೆ ಆ ಉತ್ತರ ಕಮಾಂಡ್ ಸ್ಟೇಷನ್‌ಗೆ (ಹಳಿಗೆ ಆದೇಶ ಕಳಿಸುವ ಪೆಟ್ಟಿಗೆ) ಮುಟ್ಟಲ್ಲ. ಚಕ್ರಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಮತ್ತೆ ಓದಿಸಿ.

ಹೊಸ ಡಿಕೋಡರ್‌ನ ವಿಳಾಸ (ಆದೇಶ ಯಾವ ಎಂಜಿನ್‌ಗೆ ಅಂತ ಗುರುತಿಸುವ ಸಂಖ್ಯೆ) 3 ಇರುತ್ತೆ. ಎಂಜಿನ್ ನಂಬರನ್ನೇ ವಿಳಾಸ ಮಾಡೋದಾದರೆ, ಉದಾಹರಣೆಗೆ 6412: 256ರಿಂದ ಭಾಗಿಸಿದರೆ 25, ಉಳಿಕೆ 12. ಸಿವಿ 17ಕ್ಕೆ 192 + 25 = 217, ಸಿವಿ 18ಕ್ಕೆ 12. ಸಿವಿ 29ಕ್ಕೆ 34 ಬರೆಯಿರಿ: ವೇಗದ 28/128 ಹೆಜ್ಜೆಗೆ 2, ಉದ್ದ ವಿಳಾಸಕ್ಕೆ 32. ಡಿಸಿಯಲ್ಲೂ ಓಡುವ 4ನ್ನು ಬೇಕೆಂದೇ ಬಿಟ್ಟಿದ್ದೀನಿ. ಅದು ಇದ್ದರೆ ಹಳಿಯ ಸಿಗ್ನಲ್ ಕೆಟ್ಟಾಗ ಡಿಸಿ ಅಂತ ತಿಳಿದು ಎಂಜಿನ್ ಒಮ್ಮೆಲೇ ಪೂರ್ತಿ ವೇಗದಲ್ಲಿ ಓಡಿಬಿಡಬಹುದು.

ಅಲ್ಲಿಂದ ಮುಖ್ಯ ಹಳಿಗೆ ಇಡುವಾಗ, ಮೊದಲ ಸಲ ಹಳಿಗೆ ಬರುವ ಒಂದು ವಯರಿನ ಸಾಲಿನಲ್ಲಿ ಕಾರಿನ ಇಂಡಿಕೇಟರ್‌ನ 12 ವೋಲ್ಟ್ 21 ವ್ಯಾಟ್ ಬಲ್ಬ್ ಸೇರಿಸಿ. ಬಲ್ಬ್ ಜೋರಾಗಿ ಉರಿದರೆ ಶಾರ್ಟ್ ಇದೆ, ತಕ್ಷಣ ಎತ್ತಿ.

ನಂದಿಹಾಲ್ಟ್, ಚಿಕ್ಕಬಳ್ಳಾಪುರ:

ಬಲ್ಬ್ ಉರಿಯಲಿಲ್ಲ, ಸಿವಿ ಓದಿತು, ಗಾಡಿ ಓಡ್ತಿದೆ. ಆದರೆ ಉಲ್ಟಾ ದಿಕ್ಕಿಗೆ, ದೀಪ ಎರಡೂ ಇಲ್ಲ.

ಹಳದಿಟೇಪ್, ಕೋಲಾರ:

ಪ್ಲಗ್ ತಿರುವುಮುರುವಾಗಿದೆ ಅಷ್ಟೇ, ಏನೂ ಸುಟ್ಟಿಲ್ಲ. ಹಾಗೆ ಕೂತರೆ ಕಿತ್ತಳೆ–ಬೂದು ಅದಲುಬದಲಾಗಿ ಮೋಟಾರು ಹಿಂದಕ್ಕೆ ತಿರುಗುತ್ತೆ, ದೀಪದ ನೀಲಿ ವಯರ್ 7ರ ಬದಲು 3ಕ್ಕೆ ಹೋಗುತ್ತೆ. ಹಳಿ ಕರೆಂಟ್ ಬಂದ್ ಮಾಡಿ, ಕಿತ್ತಳೆ ವಯರ್ 1ನೇ ಗುರುತಿನ ಕಡೆ ಬರುವ ಹಾಗೆ ತಿರುಗಿಸಿ ಹಾಕಿ.

ಆಮೇಲೂ ದೀಪ ಸರಿಯಿದ್ದು ಮೋಟಾರು ಮಾತ್ರ ಉಲ್ಟಾ ಇದ್ದರೆ ಹೊಸ ವಯರ್ ಹಾಕುವಾಗ ಬ್ರಷ್ ಬದಲಾಗಿದೆ, ಕಿತ್ತಳೆ–ಬೂದು ಅದಲುಬದಲು ಮಾಡಿ. ಎರಡೂ ಒಟ್ಟಿಗೆ ಉಲ್ಟಾ ಇದ್ದರೆ ಬೆಸುಗೆ ಬಿಚ್ಚೋದು ಬೇಡ, ಸಿವಿ 29ಕ್ಕೆ 1 ಕೂಡಿಸಿ 35 ಮಾಡಿ.

ನಂದಿಹಾಲ್ಟ್, ಚಿಕ್ಕಬಳ್ಳಾಪುರ:

ತಿರುಗಿಸಿ ಹಾಕಿದೆ, ದೀಪ, ದಿಕ್ಕು ಎರಡೂ ಸರಿ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಹಳೆಯ ಕೋಲಾರ–ಚಿಕ್ಕಬಳ್ಳಾಪುರ ನ್ಯಾರೋ ಗೇಜ್ ಮಾಡೋ ಆಸೆ ಇದೆ. ಆ ಪುಟ್ಟ ಎಂಜಿನ್‌ಗಳಿಗೂ ಇದೇ ಡಿಕೋಡರ್ ಆಗುತ್ತಾ?

ಹಳದಿಟೇಪ್, ಕೋಲಾರ:

ಜಾಗ ಸಾಲಲ್ಲ ಅಣ್ಣ. 762 ಮಿ.ಮೀ. ಗೇಜು 1:87ರಲ್ಲಿ 8.76 ಮಿ.ಮೀ. ಆಗುತ್ತೆ, ಅದಕ್ಕೆ 9 ಮಿ.ಮೀ. ಹಳಿ ಬಳಸ್ತಾರೆ. ಎಂಜಿನ್‌ನ ಸಾಕೆಟ್ ನೋಡಿ, 6 ಪಿನ್ ಅಥವಾ ನೆಕ್ಸ್ಟ್18ರ ಸಣ್ಣ ಡಿಕೋಡರ್ ತಗೊಳ್ಳಿ. ಅವುಗಳ ಸಾಮರ್ಥ್ಯ ಕಡಿಮೆ, ಹಾಗಾಗಿ ಫ್ಲೈವೀಲ್ ಹಿಡಿದು ಕರೆಂಟ್ ಅಳೆದ ಮೇಲೇ ಕೊಳ್ಳಿ.