ಒಂಟಿ ಕ್ಯಾಪ್ಟನ್ ಒಂದೇ ಸುತ್ತಿಗೆ ಸತ್ತ, ಒಂಬತ್ತು ಗಾಬ್ಲಿನ್ (ಕುಳ್ಳ ರಾಕ್ಷಸರು) ಸೇರಿ ಆಟಗಾರರ ತಂಡವನ್ನೇ ಮಲಗಿಸಿದವು. ತಪ್ಪು ಎಲ್ಲಿದೆ?

ವಿಜಯಪುರ_ಡಿಎಂ
ಎಲ್ಲರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರ ವಹಿಸಿ, ದಾಳ ಹಾಕಿ ಕಥೆ ಕಟ್ಟುವ ಆಟ) ಆಡುತ್ತೇವೆ, 2014ರ ನಿಯಮ. ನಾನು ಡಿಎಂ, ಕಥೆ ನಡೆಸಿ ಶತ್ರುಗಳನ್ನು ಆಡಿಸುವುದು ನಾನೇ. ಆಡುವವರು ನಾಲ್ವರು, ಎಲ್ಲರೂ 3ನೇ ಲೆವೆಲ್: ಫೈಟರ್ (ಯೋಧ), ರೋಗ್ (ಹೊಂಚಿ ಚುಚ್ಚುವವ), ರೇಂಜರ್ (ಬಿಲ್ಲುಗಾರ), ಕ್ಲೆರಿಕ್ (ಮಂತ್ರ ಹಾಕುವ ಪುರೋಹಿತೆ). ಕ್ಲೆರಿಕ್ ಆಡುವುದು ನನ್ನ ತಂಗಿ.

ಮೊನ್ನೆ ಒಬ್ಬ ಬ್ಯಾಂಡಿಟ್ ಕ್ಯಾಪ್ಟನ್ (ಡಕಾಯಿತರ ನಾಯಕ) ಇಟ್ಟೆ. 65 ಎಚ್‌ಪಿ (ಜೀವದ ಅಂಕ), ಒಂದು ಸರದಿಗೆ ಮೂರು ಏಟು. ಮೂರು ವಾರದಿಂದ ಅವನ ಹೆಸರು ಹೇಳಿ ಹೆದರಿಸಿದ್ದೆ. ತಂಗಿ ಹೋಲ್ಡ್ ಪರ್ಸನ್ (ಮನುಷ್ಯರನ್ನು ಮರಗಟ್ಟಿಸುವ ಮಂತ್ರ) ಹಾಕಿದಳು. ತಪ್ಪಿಸಿಕೊಳ್ಳಲು ಹಾಕಿದ ನನ್ನ ದಾಳದಲ್ಲಿ 6 ಬಿತ್ತು, ಅವನು ನಿಂತಲ್ಲೇ ಮರಗಟ್ಟಿದ. ರೋಗ್ ಪಕ್ಕಕ್ಕೆ ಹೋಗಿ ಚುಚ್ಚಿದ, ಕ್ರಿಟ್ (ಡ್ಯಾಮೇಜ್ ದಾಳ ಎರಡು ಪಟ್ಟು). ಫೈಟರ್ ಆಕ್ಷನ್ ಸರ್ಜ್ ಹಾಕಿ ಎರಡು ಸಲ ಹೊಡೆದ, ಎರಡೂ ಕ್ರಿಟ್. ರೇಂಜರ್ ಬಾಣಕ್ಕೆ ಮುಗೀತು. ಕ್ಯಾಪ್ಟನ್ ಕತ್ತಿ ಬೀಸಲೇ ಇಲ್ಲ.

ಮುಂದಿನ ವಾರ ಒಂಬತ್ತು ಗಾಬ್ಲಿನ್ ಬಿಟ್ಟೆ. ಎರಡೇ ಸುತ್ತಿನಲ್ಲಿ ಮೂವರು ನೆಲಕ್ಕೆ. ಗಾಬ್ಲಿನ್‌ಗಳು ಓಡಿಹೋದವು ಅಂತ ಹೇಳಿ ಅಲ್ಲಿಗೇ ನಿಲ್ಲಿಸಿದೆ. ಯಾರೂ ಮಾತಾಡಲಿಲ್ಲ, ದಾಳ ಡಬ್ಬಿಗೆ ಹಾಕಿಕೊಂಡು ಹೊರಟರು. ತುಂಬಾ ಬೇಜಾರಾಯಿತು.

ಎರಡೂ ಸಲ ಶತ್ರುಗಳ ಎಕ್ಸ್‌ಪಿ (ಸೋಲಿಸಿದರೆ ಸಿಗುವ ಅನುಭವದ ಅಂಕ) ಬೇರೆಬೇರೆಯಾಗಿ ಕೂಡಿಸಿದರೂ 450ಏ. ಈಗ ಕ್ಯಾಪ್ಟನ್‌ನ ಅಣ್ಣ ಬರಬೇಕು. ಅವನಿಗೆ 130 ಎಚ್‌ಪಿ ಕೊಟ್ಟು, ಹೋಲ್ಡ್ ಪರ್ಸನ್ ತಾಗಲ್ಲ ಅಂತ ಬರೆದುಬಿಡಲಾ?

ಬೆಳಗಾವಿ_ಡಿ20
ದಯವಿಟ್ಟು ಹಾಗೆ ಮಾಡಬೇಡಿ. ತಂಗಿ ಸರಿಯಾದ ಹೊತ್ತಿಗೆ ಸರಿಯಾದ ಮಂತ್ರ ಹಾಕಿದ್ದಾಳೆ. ಅದನ್ನು ಕಿತ್ತುಕೊಂಡರೆ ಮುಂದೆ ಅವಳು ಯೋಚನೆ ಮಾಡುವುದನ್ನೇ ಬಿಡುತ್ತಾಳೆ.

450 ಎರಡೂ ಕಡೆ ಒಂದೇ ಅಲ್ಲ. 2014ರ ಲೆಕ್ಕದಲ್ಲಿ ಶತ್ರುಗಳು ಏಳರಿಂದ ಹತ್ತು ಇದ್ದರೆ ಒಟ್ಟು ಎಕ್ಸ್‌ಪಿಯನ್ನು ಎರಡೂವರೆಯಿಂದ ಗುಣಿಸಬೇಕು. ಗಾಬ್ಲಿನ್‌ಗಳದು 1125 ಆಯಿತು. ನಿಮ್ಮ ನಾಲ್ವರಿಗೆ ಕಾದಾಟ ಮೀಡಿಯಂ ಆಗುವುದು 600ರಿಂದ, ಹಾರ್ಡ್ 900ರಿಂದ, ಡೆಡ್ಲಿ 1600ರಿಂದ. ಒಂಟಿ ಕ್ಯಾಪ್ಟನ್ 450ಕ್ಕೇ ನಿಂತ, ಅಂದರೆ ಈಜಿ.

ಇದಕ್ಕೆ ಕಾರಣ ಏಟುಗಳ ಎಣಿಕೆ. ಕ್ಯಾಪ್ಟನ್‌ಗೆ ಸುತ್ತಿಗೆ ಮೂರು, ಅವನೊಬ್ಬ ಮರಗಟ್ಟಿದರೆ ಸೊನ್ನೆ. ಗಾಬ್ಲಿನ್‌ಗಳಿಗೆ ಒಂಬತ್ತು. ರೋಗ್‌ನ ಎಸಿ (ಏಟು ತಾಗಲು ಮುಟ್ಟಬೇಕಾದ ಅಂಕ) 14 ಅಂತ ಇಟ್ಟುಕೊಳ್ಳಿ. ಗಾಬ್ಲಿನ್‌ಗೆ ಬೋನಸ್ ಸೇರುವುದರಿಂದ 20 ಮುಖದ ದಾಳದಲ್ಲಿ 10 ಬಿದ್ದರೆ ಸಾಕು. ಒಂಬತ್ತೂ ಅವನ ಮೇಲೇ ಬಿದ್ದರೆ ಸುಮಾರು ಐದು ತಾಗುತ್ತವೆ, 27ರಷ್ಟು ಡ್ಯಾಮೇಜ್. 3ನೇ ಲೆವೆಲ್ ರೋಗ್ ಅಷ್ಟು ತಡೆಯಲ್ಲ. ಬರೀ ಎಚ್‌ಪಿ ಜಾಸ್ತಿ ಮಾಡಿದರೆ ಕ್ಯಾಪ್ಟನ್ ಸಾಯುವುದು ತಡವಾಗುತ್ತದೆ ಅಷ್ಟೇ, ಅವನ ಏಟು ಹೆಚ್ಚಲ್ಲ.

ಅಣ್ಣನ ಜೊತೆ ನಾಲ್ಕು ಬ್ಯಾಂಡಿಟ್ ಕಳಿಸಿ. 450ಕ್ಕೆ 100 ಸೇರಿ 550, ಐದು ಜನ ಅಂದರೆ ಎರಡರಿಂದ ಗುಣಿಸಿ 1100.

ವಿಜಯಪುರ_ಡಿಎಂ
ಅಣ್ಣಾ, 1100 ಅಂದರೆ ಗಾಬ್ಲಿನ್ ದಿನಕ್ಕೆ ಹತ್ತಿರ ಅಲ್ವಾ? ಮತ್ತೆ ಎಲ್ಲರನ್ನೂ ಮಲಗಿಸಿಬಿಡ್ತೀನಾ ಅಂತ ಭಯ.

ಬೆಳಗಾವಿ_ಡಿ20
ಎಲ್ಲರೂ ಒಂದೇ ಕಡೆಯಿಂದ ನುಗ್ಗಿದರೆ ಭಯ ಪಡಲೇಬೇಕು. ಆದ್ದರಿಂದ ಜಾಗ ಮುಖ್ಯ, ಮತ್ತು ನಿಮ್ಮ ಊರಲ್ಲೇ ಒಳ್ಳೆ ಜಾಗ ಇದೆ. ಉಪಲಿ ಬುರುಜ್ (ಹಳೆಯ ಕಾವಲು ಗೋಪುರ) ನೋಡಿ. ಎತ್ತರ ಸುಮಾರು 80 ಅಡಿ, ಮೆಟ್ಟಿಲು ಹೊರಗಡೆಯಿಂದ ಸುತ್ತಿಕೊಂಡು ಮೇಲೆ ಹೋಗುತ್ತದೆ. ಬ್ಯಾಂಡಿಟ್‌ಗಳ ಲೈಟ್ ಕ್ರಾಸ್‌ಬೋ (ಅಡ್ಡಬಿಲ್ಲು) ತೊಂದರೆಯಿಲ್ಲದೆ ಹೊಡೆಯುವ ದೂರವೂ 80 ಅಡಿ. ಬುರುಜಿನ ಬುಡದಲ್ಲಿ ನಿಂತವರು ಆ ಅಳತೆಯ ಒಳಗೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮೇಲಿನವರಿಗೆ ಡಿಸ್‌ಅಡ್ವಾಂಟೇಜ್ (ಎರಡು ದಾಳ ಹಾಕಿ ಕಡಿಮೆಯದನ್ನು ಹಿಡಿಯಬೇಕು). ಆಟಗಾರರು ಇದನ್ನು ತಾವೇ ಕಂಡುಕೊಳ್ಳಲಿ.

ಇಬ್ಬರು ಬ್ಯಾಂಡಿಟ್ ಮೇಲೆ, ಕ್ಯಾಪ್ಟನ್ ಮೆಟ್ಟಿಲ ನಡುವೆ. ಉಳಿದಿಬ್ಬರು ಎರಡನೇ ಸುತ್ತಿಗೆ ಹಿಂದಿನಿಂದ ಬರಲಿ. ಹೀಗೆ ಏಳು ಏಟು ಒಬ್ಬನ ಮೇಲೇ ಬೀಳುವುದು ಕಷ್ಟ.

ಹೋಲ್ಡ್ ಪರ್ಸನ್‌ಗೆ ಉತ್ತರ ನಿಯಮದಲ್ಲೇ ಇದೆ. ಅದು ಕಾನ್ಸಂಟ್ರೇಶನ್ ಮಂತ್ರ, ಹಾಕಿದವರ ಏಕಾಗ್ರತೆ ಮುರಿದರೆ ಮಂತ್ರವೂ ಮುಗಿಯಿತು. ಕ್ಲೆರಿಕ್‌ಗೆ ಬಾಣ ತಾಗಿದರೆ ಕಾನ್‌ಸ್ಟಿಟ್ಯೂಶನ್ ಸೇವ್ (ಮೈಯ ಗಟ್ಟಿತನದ ದಾಳ) ಹಾಕಬೇಕು, 10ಕ್ಕೆ ಕಡಿಮೆ ಬಂದರೆ ಕ್ಯಾಪ್ಟನ್ ಬಿಡುಗಡೆ. ಆಗ ಫೈಟರ್ ತಂಗಿಗೆ ಅಡ್ಡ ನಿಲ್ಲಬೇಕಾ, ಕ್ಯಾಪ್ಟನ್‌ನ ಹೊಡೆಯಬೇಕಾ? ಯುದ್ಧದ ರುಚಿ ಬರುವುದು ಆ ಪ್ರಶ್ನೆಯಿಂದಲೇ.

ಬಾಗಲಕೋಟೆ_ರೇಂಜರ್
ಒಂದು ಮಾತು ಸೇರಿಸ್ತೀನಿ. ಕ್ಯಾಪ್ಟನ್‌ಗೆ ಮುಂಚೆ ಆ ದಿನ ಬೇರೆ ಕಾದಾಟ ಇತ್ತಾ? 2014ರ ನಿಯಮ ದಿನಕ್ಕೆ ಆರರಿಂದ ಎಂಟು ಮೀಡಿಯಂ ಅಥವಾ ಹಾರ್ಡ್ ಕಾದಾಟ ಅಂತ ಲೆಕ್ಕ ಹಿಡಿಯುತ್ತದೆ. ನಮ್ಮ ಟೇಬಲ್‌ನಲ್ಲೂ ಅಷ್ಟು ಆಗಲ್ಲ, ಆದರೆ ಎರಡಾದರೂ ಇಡಿ. ಆಕ್ಷನ್ ಸರ್ಜ್, ಮಂತ್ರದ ಸ್ಲಾಟ್ ಎಲ್ಲ ತುಂಬಿಕೊಂಡು ಬಂದರೆ ಯಾವ ಕ್ಯಾಪ್ಟನ್ ಉಳಿಯುತ್ತಾನೆ?

ವಿಜಯಪುರ_ಡಿಎಂ
ಸಮಸ್ಯೆ ಬಗೆಹರಿಯಿತು! ಮೊದಲು ಬಾಗಿಲಲ್ಲಿ ಎರಡು ತೋಳ, ಆಮೇಲೆ ಬುರುಜ್. ತಂಗಿ ಮತ್ತೆ ಹೋಲ್ಡ್ ಪರ್ಸನ್ ಹಾಕಿದಳು, ಕ್ಯಾಪ್ಟನ್ ಮತ್ತೆ ಮರಗಟ್ಟಿದ. ರೋಗ್ ಒಂದು ಸಲ ಚುಚ್ಚುವಷ್ಟರಲ್ಲಿ ಮೇಲಿನಿಂದ ಬಾಣ ಬಂತು. ತಂಗಿಯ ಸೇವ್ ಒಟ್ಟು 7. ಕ್ಯಾಪ್ಟನ್ ಅಲುಗಾಡಿದ ಅಂತ ಹೇಳಿದ ಕೂಡಲೇ ನಾಲ್ವರೂ ಎದ್ದು ನಿಂತರು. ರೇಂಜರ್ ಹಿಂದೆ ಸರಿದು ಮೇಲಿನವರ ಜೊತೆ ಬಾಣದಾಟಕ್ಕೆ ಇಳಿದ. ಐದನೇ ಸುತ್ತಿಗೆ ಕ್ಯಾಪ್ಟನ್ ಬಿದ್ದ, ಫೈಟರ್ 4 ಎಚ್‌ಪಿಯಲ್ಲಿ ಉಳಿದ. ಮೇಲಿನ ಇಬ್ಬರು ಬಿಲ್ಲು ಕೆಳಗೆ ಹಾಕಿ ಶರಣಾದರು.

ಅವರಿಗೂ ಎಕ್ಸ್‌ಪಿ ಕೊಡಬೇಕಾ?

ಬೆಳಗಾವಿ_ಡಿ20
ಪೂರ್ತಿ ಕೊಡಿ. ಕೊಂದರೂ, ಓಡಿಸಿದರೂ, ಸೆರೆ ಹಿಡಿದರೂ ಸೋಲಿಸಿದ ಹಾಗೇ. ಆದರೆ ಹಂಚುವಾಗ ಗುಣಿಸಿದ 1100 ಅಲ್ಲ, 550. ಒಬ್ಬೊಬ್ಬರಿಗೆ 137. ತೋಳಗಳದ್ದು ಬೇರೆ.