ಕೋಶಗಳು ‘ಸೋಲುತ್ತವೆ’ ಎನ್ನಬಹುದೇ? ‘ಮರಗಟ್ಟುತ್ತವೆ’ ಎನ್ನಬೇಕೇ?

ಗೆಳೆಯರೇ, ನಮಸ್ಕಾರ.

ಭಾರಲೋಹ ಸೇರಿದ ನೀರು ಮೀನಿನ ಹಾರ್ಮೋನುಗಳಿಗೆ ಏನು ಮಾಡುತ್ತದೆ ಎಂದು ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಒಂದು ‘ನಿರ್ನಾಳ ಗ್ರಂಥಿ’. ಶಾಲೆಯಲ್ಲೇ ಕಲಿತ ಒಳ್ಳೆಯ ಪದ. ಆದರೆ ಗ್ರಂಥಿ ಅಂದರೆ ಗಂಟು. ಮೂಳೆಮೀನುಗಳಲ್ಲಿ ಕಾರ್ಟಿಸೋಲ್ ಎಂಬ, ಗಾಬರಿಯಾದಾಗ ಏರುವ ಹಾರ್ಮೋನನ್ನು ತಯಾರಿಸುವ ಕೋಶಗಳು ನಮ್ಮ ಅಡ್ರಿನಲ್ ಗ್ರಂಥಿಯ ಹಾಗೆ ಒಂದು ಗಂಟಾಗಿ ಇರುವುದಿಲ್ಲ. ಮೂತ್ರಪಿಂಡದ ತಲೆಕಡೆಯ ಭಾಗದಲ್ಲಿ, ರಕ್ತನಾಳಗಳ ಸುತ್ತ ಚದುರಿಕೊಂಡಿರುತ್ತವೆ. ಗಂಟೇ ಇಲ್ಲದ ಕಡೆ ಗ್ರಂಥಿ ಎಂದರೆ ಓದುಗರು ಇಲ್ಲದ್ದನ್ನು ಕಲ್ಪಿಸಿಕೊಳ್ಳುತ್ತಾರೆ, ಅಲ್ವಾ? ಸದ್ಯಕ್ಕೆ ‘ಹಾರ್ಮೋನು ಕೋಶ’ ಎಂದು ಬರೆದಿದ್ದೇನೆ.

ಜಾಸ್ತಿ ಕಾಡುತ್ತಿರುವುದು ಕ್ರಿಯಾಪದ. ಕ್ಯಾಡ್ಮಿಯಂ ಎಂಬ ಭಾರಲೋಹ ಕಿವಿರುಗಳಲ್ಲಿ ಕ್ಯಾಲ್ಸಿಯಂ ಹೋಗುವ ದಾರಿಯಲ್ಲೇ ಒಳಗೆ ನುಗ್ಗುತ್ತದೆ. ಶುರುವಿನಲ್ಲಿ ರಕ್ತದ ಕಾರ್ಟಿಸೋಲ್ ಏರುವುದೂ ಉಂಟು. ಆದರೆ ಅಂಥ ನೀರಿನಲ್ಲೇ ಬಹುಕಾಲ ಬದುಕಿದ ಮೀನನ್ನು ಹಿಡಿದಾಗ, ಆ ಗಾಬರಿಗೆ ಏರಬೇಕಾದಷ್ಟು ಕಾರ್ಟಿಸೋಲ್ ಏರುವುದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ, ಗಣಿಗಾರಿಕೆಯಿಂದ ಕೆಟ್ಟ ಕೆರೆಗಳ ಹಳದಿ ಪರ್ಚ್ ಮೀನುಗಳಲ್ಲಿ ಇದನ್ನು ಕಂಡಿದ್ದಾರೆ. ಕೋಶಗಳು ಇವೆ, ಜೀವವೂ ಇದೆ. ಕಾರ್ಟಿಸೋಲ್ ತಯಾರಿಸಿ ಎಂದು ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿ ಕಳಿಸುವ ಕರೆಗೆ ಸರಿಯಾಗಿ ಓಗೊಡುವುದಿಲ್ಲ, ಅಷ್ಟೆ.

ಇದಕ್ಕೆ ‘ನಾಶವಾಗುತ್ತವೆ’ ಎಂದು ಬರೆದರೆ ತಪ್ಪು. ‘ಹಾರ್ಮೋನು ಅಸಮತೋಲನ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಏರಿತೋ ಇಳಿಯಿತೋ, ಯಾಕೆ, ಯಾವುದೂ ಅದರಲ್ಲಿ ಇಲ್ಲ.

ನನಗೆ ಮೊದಲು ಹೊಳೆದದ್ದು ‘ಸೋಲು’. ಬಹಳ ದುಡಿದಾಗ ‘ಕೈ ಸೋತಿತು, ಕಾಲು ಸೋತಿತು’ ಅನ್ನುತ್ತೇವಲ್ಲ, ಆ ಅರ್ಥದಲ್ಲಿ. ಕೈ ಇದ್ದಲ್ಲೇ ಇದೆ, ಎತ್ತಲು ಆಗುತ್ತಿಲ್ಲ. ತುಂಬ ಹಿಡಿಸಿತು. ಆದರೆ ಎರಡು ತೊಡಕುಗಳಿವೆ. ಸೋತ ಕೈ ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಸರಿಹೋಗುತ್ತದೆ ಎಂಬ ಭಾವ ಈ ಪದದಲ್ಲಿದೆ. ಅಲ್ಲದೆ ಇಲ್ಲಿ ಬರೀ ದಣಿವಿಲ್ಲ. ಕರೆಯನ್ನು ಹಾರ್ಮೋನಾಗಿಸುವ ಕೋಶದೊಳಗಿನ ಹಂತಗಳನ್ನೇ ಕ್ಯಾಡ್ಮಿಯಂ ಕೆಡಿಸುತ್ತದೆ. ಅದನ್ನು ಹೇಳಲು ‘ಲೋಹವು ಕೋಶಗಳನ್ನು ಸೋಲಿಸುತ್ತದೆ’ ಎಂದು ಬರೆದರೆ ಆಟದ ಸುದ್ದಿಯಂತೆ ಕೇಳಿಸುತ್ತದೆ!

ಇನ್ನೊಂದು ‘ಮರಗಟ್ಟು’. ಮರಗಟ್ಟಿದ ಕಾಲಿಗೆ ಚಿವುಟಿದರೂ ಗೊತ್ತಾಗುವುದಿಲ್ಲ. ಓಗೊಡದ ಕೋಶಕ್ಕೆ ಇದೇ ಹತ್ತಿರ ಅನ್ನಿಸುತ್ತಿದೆ. ‘ಕ್ಯಾಡ್ಮಿಯಂ ಈ ಕೋಶಗಳನ್ನು ಮರಗಟ್ಟಿಸುತ್ತದೆ’ ಎಂಬ ವಾಕ್ಯ ನಿಮ್ಮ ಕಿವಿಗೆ ಹೇಗಿದೆ? ನರಗಳಿಗೆ ಸಂಬಂಧಪಟ್ಟದ್ದು ಎಂದು ತಪ್ಪು ತಿಳಿಯುವ ಸಾಧ್ಯತೆ ಇದೆಯೇ? ನಿಮ್ಮ ಕಡೆಯ ಮಾತಿನಲ್ಲಿ ಇದಕ್ಕಿಂತ ಸರಿಯಾಗಿ ಕೂರುವ ಪದವಿದ್ದರೆ ದಯವಿಟ್ಟು ತಿಳಿಸಿ.