ಸಹಾಯ ಬೇಕು: ದೇವರ ಪ್ರಸಾದ ಆಗಿದೆ, ಆದರೆ ಕೇಳಿದ್ದು ನನ್ನ ಪ್ರಶ್ನೆ ಅಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಕುಮಟಾ ಕಡೆ, ನಾನಿರೋದು ಬೆಂಗಳೂರಲ್ಲಿ. ಔಷಧ ಕಂಪನಿಯೊಂದರ ಲ್ಯಾಬ್‌ನಲ್ಲಿ ಕೆಲಸ. ಈಗ ಚಿತ್ರದುರ್ಗ ಜಿಲ್ಲೆಗೆ ಪದವೀಧರ ಪ್ರಾಥಮಿಕ ಶಿಕ್ಷಕನಾಗಿ ಆಯ್ಕೆ ಆಗಿದೆ, 6ರಿಂದ 8ನೇ ತರಗತಿಗೆ ವಿಜ್ಞಾನ. ಸಂಬಳ ಈಗಿನದಕ್ಕಿಂತ ಕಮ್ಮಿ, ಮೇಲೆ ಮನೆ ಸಾಲದ ಕಂತು. 'ಸರ್ಕಾರಿ ಕೆಲಸ, ಪಿಂಚಣಿ ಬರ್ತದೆ' ಅಂತಾರೆ ಎಲ್ಲರೂ. 2006ರ ಏಪ್ರಿಲ್ ನಂತರ ಸೇರಿದವರಿಗೆ ಹಳೇ ನಿಶ್ಚಿತ ಪಿಂಚಣಿ ಇಲ್ಲ, ಸಂಬಳದಿಂದಲೂ ದುಡ್ಡು ಕಟ್ಟೋ ಎನ್‌ಪಿಎಸ್ ಅನ್ನೋದು ಯಾರ ತಲೆಗೂ ಹೋಗಲ್ಲ. ಆದರೂ ಪಾಠ ಮಾಡೋದು ನಂಗೆ ಇಷ್ಟ, ತೊಂದರೆ ಇರೋದೇ ಅಲ್ಲಿ.

ಖರ್ಚಿನ ಲೆಕ್ಕ ಹಾಕಿ ನೋಡಿದೆ, ಹಳೇ ಮೇಷ್ಟ್ರನ್ನೂ ಕೇಳಿದೆ, ತೀರ್ಮಾನ ಆಗಲಿಲ್ಲ. ಅಷ್ಟರಲ್ಲಿ ಆಯಿ ಊರ ದೇವಸ್ಥಾನದಲ್ಲಿ ಪ್ರಸಾದ ಕೇಳಿಸಿದ್ದಾಳೆ, ಅಂದ್ರೆ ಹೂವು ಬೀಳೋದನ್ನ ನೋಡಿ ದೇವರ ಅಪ್ಪಣೆ ಕೇಳೋದು. ಭಟ್ಟರು ಮೂರ್ತಿಗೆ ಹೂವಿನ ಎಸಳು ಹಚ್ಚಿ ಪ್ರಾರ್ಥನೆ ಮುಗಿಸಿದ್ದೇ ತಡ, ಬಲಗಡೆಯದು ಬಿತ್ತಂತೆ, ಅಂದ್ರೆ ಒಪ್ಪಿಗೆ. ಆದರೆ ಆಯಿ ಕೇಳಿದ್ದು 'ಮಗನಿಗೆ ಸರ್ಕಾರಿ ಕೆಲಸ ಒಳ್ಳೇದಾ' ಅಂತ. ನನ್ನ ಪ್ರಶ್ನೆ 'ಸಾಲ ತೀರೋ ಮೊದಲೇ ಈಗಿನ ಕೆಲಸ ಬಿಡಲಾ' ಅನ್ನೋದು. ಒಮ್ಮೆ ಅಪ್ಪಣೆ ಆದಮೇಲೆ ಮತ್ತೆ ಕೇಳಿದ್ರೆ ದೇವರನ್ನೇ ಪರೀಕ್ಷೆ ಮಾಡಿದ ಹಾಗೆ ಅಂತಾಳೆ ಆಯಿ.

ಪ್ರಸಾದ ಕೇಳೋ ರೂಢಿ ಇರೋ ಮನೆಯವರು ದಯವಿಟ್ಟು ಹೇಳಿ: ನಾನೇ ಹೋಗಿ ನನ್ನ ಪ್ರಶ್ನೆ ಬೇರೆಯಾಗಿ ಕೇಳಬಹುದಾ? ಅಥವಾ ಆಯಿಗೆ ಆದ ಪ್ರಸಾದವನ್ನೇ ಒಪ್ಕೊಂಡು ಕೆಲಸಕ್ಕೆ ಸೇರಬೇಕಾ?